ಗಿರಿಕುಂಕುಮ ಸೀರಿ ಹೋತು, ಮಿಲ್ಲಿನ ಸೀರಿ ವಾಪಸ್ ಬಂತು: ಮಾರೋರ ಕಡೆಯಿಂದ ಒಂದು ಆ್ಯಪ್ ರಿವ್ಯೂ

ಎಲ್ಲಾರೂ ಕೊಳ್ಳೋರ ಕಡೆಯಿಂದ ರಿವ್ಯೂ ಬರೀತಾರ, ಬಣ್ಣ ಹೆಂಗೈತಿ, ಪ್ಯಾಕಿಂಗ್ ಹೆಂಗೈತಿ, ಎಷ್ಟ್ ದಿನಕ್ಕ ಬಂತು ಅಂತ. ನಾನು ಮಾರೋರ ಕಡೆಯಿಂದ ಬರ್ಯಾಕತ್ತೀನಿ. ಎರಡು ವರ್ಷದಿಂದ ಒಂದು ದೊಡ್ಡ ಶಾಪಿಂಗ್ ಆ್ಯಪ್‌ನಾಗ ಇಳಕಲ್ ಸೀರಿ ಮಾರಾಕತ್ತೀವಿ, ಆ ಆ್ಯಪ್‌ನವರು ನಮ್ಮಂಥ ಸಣ್ಣ ಮಾರಾಟಗಾರರಿಗೆ ಕೊಡೋ ಸೇವಾ ಹೆಂಗೈತಿ ಅನ್ನೋದಷ್ಟ ಇದರಾಗ ಐತಿ. ಆ್ಯಪ್ ಹೆಸರು ಬರ್ಯಂಗಿಲ್ಲ, ಯಾಕಂದ್ರ ನಮ್ಮದೊಂದು ಕ್ಲೇಮ್ (ನಷ್ಟ ತುಂಬಿಕೊಡ್ರಿ ಅಂತ ಹಾಕಿದ ಅರ್ಜಿ) ಇನ್ನೂ ಅವರ ಕೈಯಾಗ ಐತಿ, ಮತ್ತ ಬ್ಯಾರೆ ಆ್ಯಪ್‌ನಾಗ ಮಾರೋ ಪರಿಚಯದೋರ್ನ ಕೇಳಿದ್ರೂ ಹೆಚ್ಚುಕಡಿಮಿ ಇದ ಹಕೀಕತ್ ಹೇಳ್ತಾರ.

ನಮ್ಮದು ಕೊಪ್ಪಳಕ್ಕ ಹತ್ತಿಕೊಂಡಿರೋ ಭಾಗ್ಯನಗರ. ಮನ್ಯಾಗ ಎರಡು ಕುಣಿ ಮಗ್ಗ (ನೆಲದಾಗ ತೋಡಿದ ಕುಣ್ಯಾಗ ಕಾಲು ಇಳಿಬಿಟ್ಟು ನೇಯೋವು) ಅದಾವು, ಒಂದರಾಗ ಮಾವಾರು ಕುಂದರ್ತಾರ, ಇನ್ನೊಂದರಾಗ ನಮ್ಮ ಮನಿಯವರು. ಕಂಡಿಕಿ (ಲಾಳ್ಯಾಗ ಹಾಕೋ ನೂಲಿನ ಸುರುಳಿ) ಸುತ್ತೋದು, ಎಳಿ ಜೋಡಿಸೋದು ಅತ್ತಿಯವರದ್ದು ನನ್ನದು. ಇದಲ್ದ ಕುಷ್ಟಗಿ ತಾಲೂಕಿನ ದೋಟಿಹಾಳದಾಗ ನಾಕೈದು ಮನಿಯವರು ನೇಯ್ದ ಸೀರಿನೂ ನಾವು ತಗೊಂಡು ಮಾರ್ತೀವಿ. ಮೊದಲು ಎಲ್ಲಾ ಸಾವಕಾರ್ರಿಗೆ ಹೋಗ್ತಿತ್ತು, ಅವರು ಕೊಟ್ಟಿದ್ದು ರೇಟು. ಹೊರಗಿನ ಗಿರಾಕಿ ನೇರ ಸಿಗ್ಲಿ ಅಂತ ಫೋನ್ ಹಿಡದು ಕುಂತಾಕಿ ನಾನು.

ಒಳ್ಳೇದು ಮೊದಲ ಹೇಳ್ಬೇಕು, ಇಲ್ಲಂದ್ರ ನ್ಯಾಯ ಆಗಂಗಿಲ್ಲ. ಅಕೌಂಟ್ ತೆಗ್ಯೋದು ಭಾಳ ಸುಲಭ ಐತ್ರಿ. ಜಿಎಸ್‌ಟಿ ನಂಬರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಇಷ್ಟ. 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ರಿಜಿಸ್ಟ್ರೇಷನ್ ಇಲ್ಲದ ಸಣ್ಣವರೂ ತಮ್ಮ ರಾಜ್ಯದೊಳಗ ಆನ್‌ಲೈನ್ ಮಾರಬಹುದು ಅಂತ ಆಗೈತಿ, ಆದ್ರ ನಮ್ಮ ಸೀರಿಗೆ ಮಹಾರಾಷ್ಟ್ರದಾಗ ಅಜ್ಜಿಯರ ಕಾಲದಿಂದ ಗಿರಾಕಿ ಅದಾರ, ಸೊಲ್ಲಾಪುರ, ಕೊಲ್ಲಾಪುರ, ಪುಣೆ, ಅಲ್ಲಿಗೆ ಕಳಸ್ಬೇಕಂದ್ರ ರಿಜಿಸ್ಟ್ರೇಷನ್ ಬೇಕಂದ್ರು, ಮಾಡಿಸಿದ್ವಿ. ಮೊದಲನೇ ತಿಂಗಳನ್ಯಾಗ 11 ಸೀರಿ ಹೋದ್ವು. ಒಂದು ನಾಸಿಕ್‌ಗೆ, ಒಂದು ಗುವಾಹಟಿಗೆ. ಮಾವಾರು ಗುವಾಹಟಿ ಎಲ್ಲಿ ಬರ್ತೈತಿ ಅಂತ ನನ್ನ ಮಗನ ಶಾಲಿ ಪುಸ್ತಕದಾಗ ನಕಾಶಿ ತೆಗಸಿ ನೋಡಿದ್ರು. ರೊಕ್ಕ ವಾರಕ್ಕೊಮ್ಮೆ ತಪ್ಪದ ಅಕೌಂಟಿಗೆ ಬೀಳ್ತೈತಿ, ಎರಡು ವರ್ಷದಾಗ ಒಂದು ವಾರನೂ ತಪ್ಪಿಲ್ಲ, ಸಾವಕಾರ್ರ ಮನಿ ಬಾಗಿಲಿಗೆ ಹೋಗಿ ನಿಂದ್ರೋದು ತಪ್ಪೈತಿ. ಪಾರ್ಸೆಲ್ ಒಯ್ಯಾಕ ಹುಡುಗ ಮನಿಗೇ ಬರ್ತಾನ. ಇಷ್ಟಕ್ಕ ನಾಕು ಸ್ಟಾರ್ ಕೊಡಬಹುದು.

ತೊಂದ್ರಿ ಇರೋದು ಸೀರಿ ವಾಪಸ್ ಬರೋವಾಗ.

ಮೊದಲನೇ ವಾಪಸಾತಿ ನನಗ ಇನ್ನೂ ನೆನಪೈತಿ. ಗಾಡಿ ದಡಿ (ಒಂದು ಥರದ ಅಂಚು) ಸೀರಿ, ಹತ್ತಿ ಒಡಲು (ನಡುವಿನ ಭಾಗ), ಗಿಣಿ ಹಸುರು. ಕಾರಣ "ಫೋಟೋದಾಗ ಇದ್ದ ಬಣ್ಣ ಅಲ್ಲ" ಅಂತ ಇತ್ತು. ಇರಬಹುದು, ಫೋನಿನ ಪರದೆ ಮ್ಯಾಲ ಹಸುರು ಒಬ್ಬೊಬ್ಬರಿಗೆ ಒಂದೊಂದ್ ಥರ ಕಾಣ್ತೈತಿ ಅಂತ ಅನ್ಕೊಂಡ್ವಿ. ಪ್ಯಾಕೆಟ್ ಬಿಚ್ಚಿದ್ರ ಮಲ್ಲಿಗಿ ಹೂವಿನ ವಾಸನಿ ಬಂತು. ಸೆರಗಿನಾಗ ಭುಜದ ಹತ್ರ ಪಿನ್ನು ಚುಚ್ಚಿದ ತೂತು ಎರಡು, ಕೆಳಗ ದಡಿಗುಂಟ ಫಾಲ್ ಹಚ್ಚಿ ಬಿಚ್ಚಿದ ಹೊಲಿಗಿ ಗುರ್ತು, ನಿರಿಗಿ ಜಾಗಾದಾಗ ಅರಿಷಿಣದ ಕಲಿ. ಯಾರದೋ ಲಗ್ನಕ್ಕ ಉಟ್ಟು, ಮರುದಿನ ಬಿಚ್ಚಿ, ಇಸ್ತ್ರಿ ಮಾಡಿ ಕಳಸ್ಯಾರ. ಅತ್ತಿಯವರು ಅದನ್ನ ಕೈಯಾಗ ಹಿಡಕೊಂಡು ಬಾಳೊತ್ತು ಸುಮ್ಮನ ಕುಂತ್ರು. ಅವರಿಗೆ ರೊಕ್ಕದ್ದಕ್ಕಿಂತ ಅದ ಹೆಚ್ಚು ಹತ್ತಿತ್ತು, ಉಟ್ಟ ಸೀರಿ ಮತ್ತೊಬ್ಬರಿಗೆ ಹೊಸಾದು ಅಂತ ಮಾರೋ ಮನಿ ಅಲ್ಲ ನಮ್ಮದು ಅಂದ್ರು. ಆ ಸೀರಿ ತೊಳದು ಮನಿಗೇ ಇಟ್ಕೊಂಡ್ವಿ. ಕ್ಲೇಮ್ ಹಾಕಿದ್ವಿ, "ಪ್ರಾಡಕ್ಟ್ ಸುಸ್ಥಿತಿಯಲ್ಲಿದೆ" ಅಂತ ಉತ್ತರ ಬಂತು. ಅರಿಷಿಣದ ಫೋಟೋ ಹತ್ತಿರದಿಂದ ತೆಗದು ಹಾಕಿದ್ವಿ ನಾವು.

ಮಾರ್ಗಶಿರದಿಂದ ಹಿಡದು ಲಗ್ನದ ಸೀಸನ್ ಮುಗಿಯೋ ಮಟ ಈ ಥರದ್ದು ಹೆಚ್ಚು ಬರ್ತಾವ, ಗವಿಮಠದ ಜಾತ್ರಿ ಹೊತ್ತಿಗೆ ನಮ್ಮ ಮನ್ಯಾಗ ಉಟ್ಟು ವಾಪಸ್ ಬಂದ ಸೀರಿ ಮೂರು ಇದ್ವು ಆ ವರ್ಷ. ಮತ್ತ ಇದನ್ನ ಮಾಡೋರು ಬಡವರಲ್ಲ ಅನ್ನೋದು ನನ್ನ ಅಂದಾಜು, ಒಂದರಾಗ ಮರೆತು ಉಳಿದ ಬ್ರೋಚ್ ಪಿನ್ ನಮ್ಮ ಸೀರಿಗಿಂತ ಚಲೋ ಇತ್ತು. ಅದನ್ನ ವಾಪಸ್ ಕಳಸ್ಬೇಕಂತ ಆ್ಯಪ್‌ನವರಿಗೆ ಬರದ್ವಿ, ಗಿರಾಕಿ ವಿಳಾಸ ಕೊಡಂಗಿಲ್ಲ ಅಂದ್ರು, ಇನ್ನೂ ನಮ್ಮ ದೇವರ ಜಗಲಿ ಮ್ಯಾಲಿನ ಡಬ್ಬ್ಯಾಗ ಐತಿ.

ಈಗ ಈ ರಿವ್ಯೂ ಬರ್ಯಾಕ ಕಾರಣ ಆಗಿದ್ದು. ಹೋದ ಶ್ರಾವಣದಾಗ ಒಂದು ಆರ್ಡರ್ ಬಂತು, ಗಿರಿಕುಂಕುಮ ಬಣ್ಣದ ಪೂರಾ ರೇಷ್ಮಿ ಸೀರಿ, ಚಿಕ್ಕಿ ಪರಾಸ್ ಅನ್ನೋ ಥರದ ದಡಿ, ರೇಟು 6,400. ಮಾವಾರು ತಾವೇ ಕುಂತು ನೇಯ್ದಿದ್ದು, ಮಗ್ಗದ ಮ್ಯಾಲ ಐದು ದಿನ, ಹಾಸು (ಉದ್ದಕ್ಕ ಹೋಗೋ ಎಳಿ) ಹೂಡೋದು ಬಣ್ಣ ಹಾಕಿಸೋದು ಬ್ಯಾರೆ. ಹೋತು, ಮುಟ್ಟೈತಿ ಅಂತ ತೋರಿಸ್ತು, ಆರನೇ ದಿನಕ್ಕ ವಾಪಸಾತಿ ರಿಕ್ವೆಸ್ಟ್, ಕಾರಣ "ಗುಣಮಟ್ಟ ಸರಿ ಇಲ್ಲ". ಗಿರಾಕಿಗೆ ರೊಕ್ಕ ಹೋಗಿಬಿಡ್ತು, ಸೀರಿ ನಮಗ ಮುಟ್ಟೋದಕ್ಕಿಂತ ಮುಂಚೇನ. ಪ್ಯಾಕೆಟ್ ಬಂದ ಮ್ಯಾಲ ನಾನು ವಿಡಿಯೋ ಹಚ್ಚಿಟ್ಟು ಬಿಚ್ಚಿದೆ. ನಮ್ಮದ ಕವರು, ನಮ್ಮದ ಡಬ್ಬಿ, ಒಳಗ ಕುಂಕುಮ ಬಣ್ಣದ ಸೀರಿ, ಕೆಂಪು ಸೆರಗು. ನನಗೂ ಒಂದು ಕ್ಷಣ ನಮ್ಮದ ಅನಸ್ತು. ಮಾವಾರು ಮಗ್ಗದಿಂದ ಎದ್ದು ಬಂದ್ರು, ಸೆರಗು ಒಡಲು ಕೂಡೋ ಜಾಗಾ ಹೆಬ್ಬೆರಳಿಂದ ಸವರಿದ್ರು, ಹೊಳ್ಳಿಸಿ ನೋಡಿದ್ರು, "ಇದು ನಮ್ಮದಲ್ಲವಾ, ಮಿಲ್ಲಿಂದು" ಅಂದ್ರು. ಅಷ್ಟ. ಮತ್ತ ಮಗ್ಗಕ್ಕ ಹೋಗಿ ಕುಂತ್ರು, ಆದ್ರ ಆವತ್ತು ಲಾಳಿ ಸಪ್ಪಳ ಕೇಳ್ಲಿಲ್ಲ.

ಇದು ಹೆಂಗ ಗೊತ್ತಾಗ್ತೈತಿ ಅಂತ ಹೇಳ್ತೀನಿ, ಕೊಳ್ಳೋರಿಗೂ ಉಪಯೋಗಕ್ಕ ಬರ್ತೈತಿ. ಇಳಕಲ್ ಸೀರಿಯಾಗ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡನ್ನೂ ಎಳಿ ಎಳಿಗೆ ಕುಣಿಕಿ ಹಾಕಿ ಜೋಡಸ್ತಾರ, ಅದಕ್ಕ ಟೋಪ್ ತೆನಿ ಅಂತಾರ. ಅದಕ್ಕ ನಮ್ಮಲ್ಲಿ ಉದ್ದನ ಹಾಸು ಹೂಡಿ ಹತ್ತು ಸೀರಿ ಒಮ್ಮೆ ನೇಯಾಕ ಆಗಂಗಿಲ್ಲ, ಒಂದೊಂದು ಸೀರಿಗೆ ಒಂದೊಂದ ಹಾಸು. ಆಮ್ಯಾಲ ದಡಿ, ಒಡಲು, ಇನ್ನೊಂದು ದಡಿ, ಮೂರಕ್ಕೂ ಮೂರು ಲಾಳಿ ಹಾಕಿ ಹೊಕ್ಕಿಗೆ ಹೊಕ್ಕು (ಅಡ್ಡ ಎಳಿ) ಸಿಗಸ್ಕೊಂಡು ಹೋಗ್ತಾರ, ಅದು ಕೊಂಡಿ. ಸೀರಿ ಹೊಳ್ಳಿಸಿ ದಡಿ ಅಂಚು ನೋಡಿದ್ರ ಕಾಣ್ತೈತಿ. ಪವರ್‌ಲೂಮ್ ನಕಲಿನಾಗ ಹಾಸು ಸೆರಗಿನತನಕ ಒಂದ ಓಡಿರ್ತೈತಿ, ಜೋಡಣಿ ಸಿಗಂಗಿಲ್ಲ, ಸೆರಗಿನ ಕೆಂಪು ಬಿಳಿ ಪಟ್ಟಿ ಮಾತ್ರ ಹಂಗ ಕಾಣ್ತಾವ. ನಮಗ ವಾಪಸ್ ಬಂದಿದ್ದು ಆರ್ಟ್ ಸಿಲ್ಕಿನ (ಕೃತಕ ರೇಷ್ಮಿ) ನಕಲು, ಪ್ಯಾಟ್ಯಾಗ 700, 800ಕ್ಕ ಸಿಗೋಂಥಾದ್ದು.

ಲೆಕ್ಕ ನೋಡ್ರಿ, ಯಾರಾದ್ರೂ ಅಕೌಂಟ್ ತೆಗಿಯೋರು ಇದ್ರ ಇದನ್ನ ಒಂದ್ಸಲ ಓದ್ಕೊಳ್ರಿ. 6,400ರಾಗ 5% ಜಿಎಸ್‌ಟಿ ಸುಮಾರು 305 ಹೋಗ್ತೈತಿ. ಆ್ಯಪ್ ಕಮಿಷನ್, ಕೊರಿಯರ್, ಅದರ ಮ್ಯಾಲಿನ ಟ್ಯಾಕ್ಸ್ ಎಲ್ಲಾ ಕೂಡಿ 1,130. ಉಳೀತು 4,965. ರೇಷ್ಮಿ, ಬಣ್ಣ 3,000, ನೇಯೋ ಕೂಲಿ ಹಾಸು ಕೂಲಿ 1,450. ಕೈಯಾಗ ನಿಲ್ಲೋದು 515 ರೂಪಾಯಿ. ಟಿಸಿಎಸ್ ಅಂತ (ಆ್ಯಪ್‌ನವರು ನಮ್ಮ ರೊಕ್ಕದಾಗ ಮುಂಚೇನ ಹಿಡಕೊಳ್ಳೋ ಟ್ಯಾಕ್ಸ್) ಅರ್ಧ ಪರ್ಸೆಂಟ್ ಹಿಡೀತಾರ, 2024ರ ಜುಲೈ 10ಕ್ಕಿಂತ ಮುಂಚೆ 1% ಇತ್ತು, ಅದು ರಿಟರ್ನ್ ಹಾಕಿದ ಮ್ಯಾಲ ನಮಗ ಸಿಗ್ತೈತಿ, ಅದನ್ನ ಬಿಡ್ರಿ. ಈಗ ಸೀರಿ ಬದಲಾಗಿ ಬಂತಂದ್ರ ಹೋಗೋದು ರೇಷ್ಮಿ ಕೂಲಿ ಎರಡೂ ಕೂಡಿ 4,450, ಮ್ಯಾಲ ವಾಪಸ್ ತರೋ ಕೊರಿಯರ್ 170 ನಮ್ಮ ಮ್ಯಾಲನ ಹಾಕ್ತಾರ, 4,620. ಅಂದ್ರ ಒಂದು ಸೀರಿ ಕಳಕೊಂಡಿದ್ದು ತುಂಬಾಕ ಇನ್ನೂ ಒಂಬತ್ತು ಸೀರಿ ಮಾರ್ಬೇಕು. ಒಂಬತ್ತು ಸೀರಿ ಅಂದ್ರ ಮಗ್ಗದ ಮ್ಯಾಲ 45 ದಿನ. ಮೋಸ ಮಾಡಿದೋರಿಗೆ ಅದು ಕಂಪನಿ ರೊಕ್ಕ ಅನಿಸಿರ್ತೈತಿ. ಕಂಪನಿದಲ್ರಿ ಅದು, 64 ವಯಸ್ಸಿನ ಒಬ್ಬ ಮನಷಾ ಕುಣ್ಯಾಗ ಕಾಲು ಇಳಿಬಿಟ್ಟು ಕುಂತಿದ್ದು.

ಇನ್ನೂ ಒಂದು ಐತಿ, ಇದು ನಮಗ ಲೆಕ್ಕ ಬರ್ಯೋರು ಹೇಳಿದ ಮ್ಯಾಲ ಗೊತ್ತಾತು. ಜಿಎಸ್‌ಟಿ ಕಾಯ್ದೆ ಸೆಕ್ಷನ್ 17(5) ಪ್ರಕಾರ ಕಳುವಾದ, ಕಳಕೊಂಡ ಮಾಲಿನ ಮ್ಯಾಲ ಇನ್‌ಪುಟ್ ಕ್ರೆಡಿಟ್ (ಕಚ್ಚಾ ಮಾಲಿಗೆ ಕಟ್ಟಿದ ಜಿಎಸ್‌ಟಿ ಮುಂದ ಕಟ್ಟೋದರಾಗ ಕಳಿಯೋದು) ತಗೊಳ್ಳಂಗಿಲ್ಲ. ಅಂದ್ರ ಆ ಸೀರಿಗೆ ತಂದ ರೇಷ್ಮಿ ಮ್ಯಾಲ ಕಟ್ಟಿದ ಟ್ಯಾಕ್ಸ್ ನಮಗ ಹೋತು. ಸಣ್ಣ ಮೊತ್ತ, ಆದ್ರ ಗಾಯದ ಮ್ಯಾಲ ಬರಿ ಎಳದಂಗ ಆತು.

ಕ್ಲೇಮ್ ಸುದ್ದಿಗೆ ಬರ್ತೀನಿ, ಈ ಸೇವಾದಾಗ ಅತೀ ಕೆಟ್ಟ ಭಾಗ ಇದು. ವಾಪಸ್ ಬಂದ 7 ದಿನದೊಳಗ ಹಾಕ್ಬೇಕು. ಹಾಕಿದ್ವಿ, ಕಳಸೋವಾಗಿನ ಪ್ಯಾಕಿಂಗ್ ವಿಡಿಯೋ, ಬಿಚ್ಚೋವಾಗಿನ ವಿಡಿಯೋ, ಎರಡೂ ಸೀರಿ ಸೆರಗಿನ ಜೋಡಣಿ ಫೋಟೋ ಪಕ್ಕ ಪಕ್ಕ ಇಟ್ಟು. ಎರಡನೇ ದಿನಕ್ಕ ರಿಜೆಕ್ಟ್, "ವಾಪಸ್ ಬಂದ ಪ್ರಾಡಕ್ಟ್ ಲಿಸ್ಟಿಂಗ್ ಜತೆ ಹೊಂದುತ್ತದೆ". ಯಾಕಂದ್ರ ನೋಡೋರ ಕಣ್ಣಿಗೆ ಎರಡೂ ಕುಂಕುಮ ಬಣ್ಣ, ಎರಡಕ್ಕೂ ಕೆಂಪು ಸೆರಗು. ಮತ್ತ ಅಪೀಲ್ ಹಾಕಿದೆ, ಟೋಪ್ ತೆನಿ ಅಂದ್ರೇನು, ಕೊಂಡಿ ಅಂದ್ರೇನು ಅಂತ ಇಂಗ್ಲಿಷಿನ್ಯಾಗ ನನ್ನ ನಾದಿನಿ ಕಡಿಂದ ಬರಸಿ. ಈ ಸಲ "ವಿಡಿಯೋದಲ್ಲಿ ಶಿಪ್ಪಿಂಗ್ ಲೇಬಲ್ ನಿರಂತರವಾಗಿ ಕಾಣುತ್ತಿಲ್ಲ" ಅಂತ ರಿಜೆಕ್ಟ್. ಅದು ಖರೇನ, ಲೇಬಲ್ ತೋರಿಸಿ ಆಮ್ಯಾಲ ಪ್ಯಾಕೆಟ್ ಹೊಳ್ಳಿಸಿದ್ದೆ, ನಾಕು ಸೆಕೆಂಡ್ ಕಾಣಂಗಿಲ್ಲ. ನಾಕು ಸೆಕೆಂಡಿನ್ಯಾಗ ಕವರ್ ಹರದು ಸೀರಿ ಬದಲಿ ಮಾಡಿ ಮತ್ತ ಅಂಟಸಾಕ ಆಗ್ತೈತೇನ್ರಿ. ಗಿರಾಕಿ ಹಾಕಿದ ಫೋಟೋ ಒಂದ, ಅದೂ ಡಬ್ಬಿ ಮ್ಯಾಲಿಂದು. ಆ ಒಂದು ಫೋಟೋಕ್ಕ ರೊಕ್ಕ ವಾಪಸ್ ಸಿಕ್ತು, ನಮ್ಮ ಒಂಬತ್ತು ನಿಮಿಷದ ವಿಡಿಯೋಕ್ಕ ಸಿಗ್ಲಿಲ್ಲ. ನನ್ನ ತಕರಾರು ಇದೊಂದ: ಎರಡೂ ಕಡೆ ಸಾಕ್ಷಿ ಒಂದ ತಕ್ಕಡ್ಯಾಗ ಇಡ್ರಿ.

ಫೋನ್ ಮಾಡಿದ್ರ ಪಾಪ ಮಾತಾಡೋ ಹುಡುಗ್ರು ಮರ್ಯಾದಿಯಿಂದ ಮಾತಾಡ್ತಾರ, ಕನ್ನಡದಾಗೂ ಮಾತಾಡ್ತಾರ, "ಮೇಡಂ ನಿಮ್ಮ ಕಷ್ಟ ಅರ್ಥ ಆಗ್ತದ, ಟಿಕೆಟ್ ರೇಸ್ ಮಾಡೀನಿ" ಅಂತಾರ. ಆದ್ರ ತೀರ್ಮಾನ ಮಾಡೋರು ಅವರಲ್ಲ, ತೀರ್ಮಾನ ಮಾಡೋರ ಹತ್ರ ನಮಗ ಮಾತಾಡಾಕ ಬಿಡಂಗಿಲ್ಲ. ಎರಡು ವರ್ಷದಾಗ ಒಂದ್ಸಲನೂ ಕ್ಲೇಮ್ ನೋಡಿದ ಮನಷಾನ ಜತಿ ಮಾತಾಡಿಲ್ಲ ನಾನು. ಮ್ಯಾಲ ಇನ್ನೊಂದು ಪೆಟ್ಟು, ವಾಪಸಾತಿ ಹೆಚ್ಚಾದ್ರ ಅಕೌಂಟಿನ ಹೆಲ್ತ್ ಕಡಿಮಿ ಆಗಿ ನಮ್ಮ ಸೀರಿ ಹುಡಿಕಿದೋರಿಗೆ ಹಿಂದಿನ ಪೇಜಿಗೆ ಹೋಗ್ತಾವ. ಮೋಸದ ವಾಪಸಾತಿನೂ ಅದ ಲೆಕ್ಕದಾಗ ಬರ್ತೈತಿ. ಬೈಸ್ಕೊಂಡೋರಿಗೆ ಮತ್ತ ದಂಡ.

ಪೊಲೀಸ್ ಕಂಪ್ಲೇಂಟ್ ಕೊಡಬಹುದಲ್ಲ ಅಂತ ಭಾಳ ಮಂದಿ ಕೇಳಿದ್ರು. ಕೊಡಬಹುದು. ಮೋಸಕ್ಕ ಮೊದಲು 420 ಅಂತ ಇತ್ತಲ್ಲ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318 ಆಗೈತಿ. ಆದ್ರ ಯಾರ ಮ್ಯಾಲ ಕೊಡೋಣ, ಆ್ಯಪ್‌ನಾಗ ನಮಗ ಗಿರಾಕಿ ಫೋನ್ ನಂಬರ್ ಕಾಣಂಗಿಲ್ಲ, ಸೀರಿ ದಾರ್ಯಾಗ ಬದಲಾತೋ ಮನ್ಯಾಗ ಬದಲಾತೋ ಅಂತ ನಾವು ಆಣಿ ಮಾಡಿ ಹೇಳಾಕ ಆಗಂಗಿಲ್ಲ. ಗಿರಾಕಿ ಚಲೋ ಇದ್ದು ಕೊರಿಯರ್ ಗೋಡೌನಿನ್ಯಾಗ ಬದಲಾಗಿದ್ರ? ಅದು ಪತ್ತೆ ಹಚ್ಚೋದು ಆ್ಯಪ್‌ನವರ ಕೈಯಾಗ ಇರೋ ಕೆಲಸ, ಅವರ ಹತ್ರ ಕೊರಿಯರ್‌ನವರ ಪ್ರತಿ ಹಬ್‌ನ (ಪಾರ್ಸೆಲ್ ವಿಂಗಡಿಸೋ ಜಾಗಾ) ಸ್ಕ್ಯಾನ್ ಐತಿ, ತೂಕ ಐತಿ, ಅದ ಗಿರಾಕಿ ಹಿಂದ ಎಷ್ಟ್ ಸಲ ವಾಪಸ್ ಮಾಡ್ಯಾರ ಅನ್ನೋದೂ ಐತಿ.

ನಮ್ಮ ಪರಿಚಯದ ವಕೀಲರು 2020ರ ಗ್ರಾಹಕ ರಕ್ಷಣೆ ಇ-ಕಾಮರ್ಸ್ ನಿಯಮ ತೋರಿಸಿದ್ರು. ಗ್ರಾಹಕರ ದೂರು ಬಂದ್ರ 48 ತಾಸಿನ್ಯಾಗ ಮುಟ್ಟೈತಿ ಅಂತ ಹೇಳ್ಬೇಕು, ಒಂದು ತಿಂಗಳೊಳಗ ಬಗೆಹರಿಸ್ಬೇಕು ಅಂತ ಐತಿ. ಮಾಲು ಕೆಟ್ಟಿದ್ರ, ಹೇಳಿದಂಗ ಇರದಿದ್ರ ಮಾರೋರು ವಾಪಸ್ ತಗೊಳ್ಳಂಗಿಲ್ಲ ಅನ್ನಂಗಿಲ್ಲ. ಮಾರೋರ ಹೆಸರು ವಿಳಾಸ ಗಿರಾಕಿಗೆ ಕಾಣ್ಬೇಕು. ಎಲ್ಲಾ ಸರಿ ಐತಿ, ನಾನೂ ಆನ್‌ಲೈನ್ ತಗೋತೀನಿ, ನನಗೂ ಅದು ಬೇಕು. 1915 ಸಹಾಯವಾಣಿನೂ ಗ್ರಾಹಕರದ್ದು. ಆದ್ರ ಗಿರಾಕಿ ಸುಳ್ಳು ಹೇಳಿದ್ರ ಮಾರೋರು ಎಲ್ಲಿ ಹೋಗ್ಬೇಕು ಅಂತ ಅದರಾಗ ಹುಡಿಕಿದ್ರ ಸಿಗ್ಲಿಲ್ಲ ವಕೀಲರಿಗೆ, ಆ್ಯಪ್ ಜತಿ ನಾವು ಒಪ್ಪಿ ಟಿಕ್ ಹಾಕಿದ ಅಗ್ರಿಮೆಂಟ್ ನೋಡ್ರಿ ಅಂದ್ರು. ಆ ಅಗ್ರಿಮೆಂಟ್‌ನಾಗ ಕ್ಲೇಮ್ ವಿಷಯದಾಗ ಅವರದ ಕೊನೇ ಮಾತು.

ಕ್ಲೇಮ್ ಗೆದ್ದದ್ದೂ ಐತಿ, ಅದನ್ನೂ ಹೇಳ್ಬೇಕು. ಒಬ್ಬರು ಖಾಲಿ ಡಬ್ಬಿ ಬಂತು ಅಂತ ಹೇಳಿದ್ರು. ಆವಾಗ ನಾವು ಆಗಲೇ ತೂಕದ ಮಷೀನ್ ತಂದಿದ್ವಿ, ಪ್ಯಾಕ್ ಮಾಡಿದ ಡಬ್ಬಿ 740 ಗ್ರಾಂ ಅಂತ ಲೇಬಲ್ ಸಮೇತ ವಿಡಿಯೋದಾಗ ಇತ್ತು, ಕೊರಿಯರ್ ಹಬ್‌ನಾಗ ಹಿಡಿದ ತೂಕನೂ 740 ಇತ್ತು. ಖಾಲಿ ಡಬ್ಬಿ 120 ಗ್ರಾಂ ತೂಗ್ತೈತಿ. 15 ದಿನಕ್ಕ ಪೂರಾ ರೊಕ್ಕ ಕೊಟ್ರು. ಅಂದ್ರ ಅಂಕಿ ಮುಂದಿಟ್ರ ಅವರ ಸಿಸ್ಟಮ್ ಒಪ್ಪತೈತಿ, ನೇಯ್ಗಿ ಮುಂದಿಟ್ರ ಒಪ್ಪಂಗಿಲ್ಲ. ಬಟ್ಟಿ ಬದಲಾದಾಗ ತೂಕನೂ ಹೆಚ್ಚುಕಡಿಮಿ ಅಷ್ಟ ಇರ್ತೈತಿ, ಅಲ್ಲೇ ನಾವು ಸೋತಿದ್ದು.

ಗಿರಾಕಿಗಳೆಲ್ಲಾ ಮೋಸಗಾರರು ಅಂತ ನಾನು ಹೇಳಾಕತ್ತಿಲ್ಲ, ಹಂಗ ಯಾರೂ ಓದಬ್ಯಾಡ್ರಿ. ಎರಡು ವರ್ಷದಾಗ 430ರ ಮ್ಯಾಲ ಸೀರಿ ಹೋಗ್ಯಾವ, ಖರೇನ ಮೋಸ ಅನ್ನೋವು 14. ನಮ್ಮ ತಪ್ಪೂ ಅದಾವು. ಒಮ್ಮೆ ದಾಳಿಂಬ್ರ ಕೆಂಪು ಕೇಳಿದೋರಿಗೆ ನವಿಲಿನ ಹಸುರು ಕಳಸಿಬಿಟ್ಟಿದ್ದೆ, ಎರಡು ಪಾರ್ಸೆಲ್ ಲೇಬಲ್ ಅದಲುಬದಲಾಗಿ. ಸೊಲ್ಲಾಪುರದ ಒಬ್ಬ ಅಜ್ಜಿ ಮಗಳ ಕಡಿಂದ ರಿವ್ಯೂದಾಗ ಬರಸಿದ್ರು, ಸೀರಿ ಚಲೋ ಐತಿ ಆದ್ರ ದಡಿಯಾಗ ಒಂದು ಕಡೆ ಎಳಿ ಬಿಟ್ಟೈತಿ, ನೇಯೋರಿಗೆ ಹೇಳ್ರಿ, ವಾಪಸ್ ಬ್ಯಾಡ, ನಾನು ಉಡ್ತೀನಿ ಅಂತ. ಮಾವಾರು ಅದನ್ನ ಓದಿಸಿ ಎರಡು ಸಲ ಕೇಳಿದ್ರು, ಆ ವಾರ ಹಣಿಗಿ (ಎಳಿ ಬಿಡಿಸಿ ಹಿಡಿಯೋ ಮಗ್ಗದ ಬಾಚಣಿಗಿ) ಬದಲಿ ಮಾಡಿಸಿದ್ರು. ಇಂಥಾ ಗಿರಾಕಿಗಳ ಸಲುವಾಗಿ ವಾಪಸಾತಿ ಇರಬೇಕು, ಸಲೀಸಾಗಿ ಇರಬೇಕು.

ಕ್ಯಾಶ್ ಆನ್ ಡೆಲಿವರಿ ಸುದ್ದಿ ಸಣ್ಣದಾಗಿ ಹೇಳ್ತೀನಿ. ಬಾಗಿಲಿಗೆ ಹೋದ ಮ್ಯಾಲ ಬ್ಯಾಡ ಅಂತಾರ, ಫೋನ್ ಎತ್ತಂಗಿಲ್ಲ, ಸೀರಿ 20, 25 ದಿನ ಊರೂರು ತಿರುಗಿ ಮಡಿಕಿ ಕೆಟ್ಟು ಬರ್ತೈತಿ. ಮೋಸ ಅನ್ನಂಗಿಲ್ಲ ಅದಕ್ಕ, ಆದ್ರ ಅಷ್ಟು ದಿನ ಆ ಸೀರಿ ಮ್ಯಾಲ ಹಾಕಿದ ರೊಕ್ಕ ಸಿಕ್ಕಂಡಿರ್ತೈತಿ. 2,000ದ ಮ್ಯಾಲಿನ ಸೀರಿಗೆ ನಾವು ಅದನ್ನ ಬಂದ್ ಮಾಡೀವಿ, ಈ ಆ್ಯಪ್‌ನಾಗ ಆ ಸೌಲಭ್ಯ ಐತಿ, ಅದಕ್ಕ ಅವರಿಗೆ ಒಂದು ಮಾರ್ಕ್ ಕೊಡ್ತೀನಿ.

ಈಗ ನಾವು ಏನ್ ಮಾಡಾಕತ್ತೀವಿ ಅಂದ್ರ, ಅಡಗಿ ಮನಿ ಪಕ್ಕದ ಪಡಸಾಲ್ಯಾಗ ಒಂದು ಮೇಜು, ಮ್ಯಾಲ ಮೊಬೈಲ್ ಸ್ಟ್ಯಾಂಡು, ಕೆಳಗ ಲೇಬಲ್ ಕಾಣೋ ಹಂಗ, ಪಕ್ಕಕ್ಕ ತೂಕದ ಮಷೀನ್. ಸೀರಿ ಪೂರಾ ಬಿಚ್ಚಿ ಸೆರಗಿನ ಜೋಡಣಿ, ದಡಿ ಹಿಂದಿನ ಕೊಂಡಿ, ಟ್ಯಾಗ್ ನಂಬರ್ ಎಲ್ಲಾ ಒಂದ ವಿಡಿಯೋದಾಗ, ನಡುವ ನಿಲ್ಸಂಗಿಲ್ಲ, ಹುಡುಗ್ರು ಅತ್ರೂ ನಿಲ್ಸಂಗಿಲ್ಲ. ಬಿಚ್ಚೋವಾಗ ಮತ್ತ ಅದ ಮೇಜು ಅದ ಸ್ಟ್ಯಾಂಡು, ಲೇಬಲ್ ಒಂದು ಕ್ಷಣನೂ ಕ್ಯಾಮೆರಾ ಬಿಟ್ಟು ಹೋಗಂಗಿಲ್ಲ. ವಿಡಿಯೋ ಆರ್ಡರ್ ನಂಬರ್ ಹಾಕಿ ಹಾರ್ಡ್‌ಡಿಸ್ಕಿನ್ಯಾಗ 3 ತಿಂಗಳು ಇಡ್ತೀವಿ. ಒಂದು ಪಾರ್ಸೆಲ್ಲಿಗೆ ಹತ್ತು ನಿಮಿಷ ಹೆಚ್ಚಿಗಿ ಹಿಡೀತೈತಿ, ದಿನಕ್ಕ ಎರಡು ಮೂರು ಪಾರ್ಸೆಲ್ ಇರೋರಿಗೆ ನಡೀತೈತಿ, ನೂರು ಇರೋರು ಏನ್ ಮಾಡ್ತಾರೋ.

ಅತೀ ಚಲೋ ಕೆಲಸ ಮಾಡಿದ್ದು ಸೀಲ್ ಟ್ಯಾಗ್. ಒಮ್ಮೆ ಕತ್ತರಿಸಿದ್ರ ಮತ್ತ ಹಾಕಾಕ ಬರದಂಥಾ ಪ್ಲಾಸ್ಟಿಕ್ ಟ್ಯಾಗು, ನಂಬರ್ ಇರ್ತೈತಿ, ಹೋಲ್‌ಸೇಲ್ ತಗೊಂಡ್ರ ಒಂದಕ್ಕ ಎರಡು ರೂಪಾಯಿ ಒಳಗ ಬೀಳ್ತೈತಿ. ಅದನ್ನ ಸೆರಗಿನ ಮುಂದಿನ ಅಂಚಿಗೆ, ಉಟ್ರ ಎದ್ದು ಕಾಣೋ ಜಾಗಾಕ್ಕ ಹಾಕ್ತೀವಿ, ಕೆಳಗ ಚೀಟಿ, "ಸೀರಿ ನೋಡ್ರಿ, ಮೈಮ್ಯಾಲ ಹಿಡದು ನೋಡ್ರಿ, ಇಟ್ಕೊಳ್ಳೋದು ಖಾತ್ರಿ ಆದ ಮ್ಯಾಲ ಟ್ಯಾಗ್ ಕತ್ತರಸ್ರಿ, ಕತ್ತರಸಿದ್ರ ವಾಪಸ್ ತಗೊಳ್ಳಂಗಿಲ್ಲ" ಅಂತ ಕನ್ನಡ, ಮರಾಠಿ, ಇಂಗ್ಲಿಷಿನ್ಯಾಗ. ಲಿಸ್ಟಿಂಗ್ ಫೋಟೋದಾಗೂ ಟ್ಯಾಗ್ ಹಾಕಿದ ಸೀರಿನ ತೋರಸೀವಿ. ಇದು ಹಚ್ಚಿದ ಮ್ಯಾಲ ಉಟ್ಟು ವಾಪಸ್ ಕಳಸೋದು ಒಂದ ಒಂದು ಸಲ ಆಗೈತಿ, ಅದೂ ಟ್ಯಾಗ್ ಇರಲಿಲ್ಲ ಅಂತ ಕ್ಲೇಮ್ ಪಾಸಾತು. ಆದ್ರ ಪೂರಾ ಸೀರಿನ ಬದಲಿ ಮಾಡೋರಿಗೆ ಟ್ಯಾಗೂ ಅಡ್ಡ ಬರಂಗಿಲ್ಲ, ಟ್ಯಾಗ್ ಇಲ್ಲದ ಸೀರಿ ಕಳಸಿ "ಟ್ಯಾಗ್ ಇರಲೇ ಇಲ್ಲ" ಅಂದ್ರ ಮತ್ತ ವಿಡಿಯೋದ ಜಗಳಕ್ಕ ಬರ್ತೈತಿ.

ಅದಕ್ಕ ರೇಷ್ಮಿ ಸೀರಿ ಆ್ಯಪ್‌ನಿಂದ ಪೂರಾ ತೆಗದುಬಿಟ್ವಿ. ಅಲ್ಲಿ ಈಗ 1,800 ಒಳಗಿನ ಹತ್ತಿ ಸೀರಿ, ಮಿಕ್ಸ್ ಸೀರಿ ಅಷ್ಟ. ರೇಷ್ಮಿ ಬೇಕಾದೋರು ವಾಟ್ಸಾಪ್‌ನಾಗ ಕೇಳ್ತಾರ, ವಿಡಿಯೋ ಕಾಲ್ ಮಾಡಿ ಬಿಸಲಾಗ ಹಿಡದು ಬಣ್ಣ ತೋರಸ್ತೀನಿ, ಸೆರಗು ಜೋಡಣಿ ತೋರಸ್ತೀನಿ, ಯುಪಿಐ ಮಾಡ್ತಾರ, ಸ್ಪೀಡ್ ಪೋಸ್ಟ್ ಮಾಡ್ತೀವಿ. 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್‌ನಾಗ ಓಟಿಪಿ ಡೆಲಿವರಿ ಬಂದೈತಿ, 5 ರೂಪಾಯಿ ಮತ್ತ ಜಿಎಸ್‌ಟಿ ಹೆಚ್ಚಿಗಿ, ತಗೊಳ್ಳೋರು ಓಟಿಪಿ ಹೇಳಿದ್ರ ಮಾತ್ರ ಪೋಸ್ಟ್‌ಮನ್ ಕೊಡ್ತಾರ. ಮುಟ್ಟಿಲ್ಲ ಅನ್ನೋ ಮಾತೇ ಇಲ್ಲ. ಸೀರಿ ಇಷ್ಟ ಆಗ್ಲಿಲ್ಲಂದ್ರ ವಾಪಸ್ ತಗೋತೀವಿ, ಕೈಗೆ ಮುಟ್ಟಿ ಮಾವಾರು ಸೆರಗು ಸವರಿ ನೋಡಿದ ಮ್ಯಾಲ ರೊಕ್ಕ ಹಾಕ್ತೀವಿ, ಅದನ್ನ ಮೊದಲ ಹೇಳಿರ್ತೀವಿ. ಇಲ್ಲೀತನಕ ಎರಡ ಎರಡು ವಾಪಸ್ ಬಂದಾವು, ಎರಡೂ ನಮ್ಮವ ಸೀರಿ, ಅವತ್ತ ರೊಕ್ಕ ಹಾಕಿದ್ವಿ. ಮಾರಾಟ ಕಡಿಮಿ ಐತಿ, ತಿಂಗಳಿಗೆ ನಾಕೈದು ರೇಷ್ಮಿ ಸೀರಿ ಹೋಗ್ತಾವ, ಆ್ಯಪ್‌ನಾಗ ಎಂಟು ಹತ್ತು ಹೋಗ್ತಿದ್ವು. ಆದ್ರ ಮನ್ಯಾಗ ಎಲ್ಲಾರೂ ರಾತ್ರಿ ನಿದ್ದಿ ಮಾಡ್ತಾರ.

ಒಟ್ಟು ಐದಕ್ಕ ಎರಡು ಸ್ಟಾರ್. ಮಾರಾಟಕ್ಕ, ರೊಕ್ಕ ಟೈಮಿಗೆ ಹಾಕೋದಕ್ಕ ಅವು ಎರಡು. ವಾಪಸಾತಿ ಕ್ಲೇಮಿಗೆ ಏನೂ ಇಲ್ಲ. ಇವರು ಮಾಡಬೇಕಾದ್ದು ದೊಡ್ಡದೇನಲ್ಲ. ಕೈಮಗ್ಗದ ಮಾಲಿಗೆ, 3,000ದ ಮ್ಯಾಲಿನದ್ದಕ್ಕ, ವಾಪಸ್ ತಗೊಳ್ಳೋ ಹುಡುಗ ಬಾಗಿಲಾಗ ಡಬ್ಬಿ ಬಿಚ್ಚಿ ಟ್ಯಾಗ್ ನಂಬರ್ ಸ್ಕ್ಯಾನ್ ಮಾಡ್ಲಿ, ನಂಬರ್ ಹೊಂದಲಿಲ್ಲಂದ್ರ ತಗೊಳ್ಳೋದು ಬ್ಯಾಡ. ಗಿರಾಕಿಗೆ ರೊಕ್ಕ ಸೀರಿ ನಮಗ ಮುಟ್ಟಿ ಎರಡು ದಿನ ಆದ ಮ್ಯಾಲ ಹೋಗ್ಲಿ. ಕ್ಲೇಮ್ ನೋಡೋರೊಳಗ ನೇಯ್ಗಿ ಗೊತ್ತಿದ್ದೋರು ಒಬ್ಬರಾದ್ರೂ ಇರ್ಲಿ, ಇಳಕಲ್ ಸೀರಿಗೆ ಜಿಐ ಟ್ಯಾಗ್ (ಇದು ಈ ಊರಿನ ಮಾಲು ಅನ್ನೋ ಸರ್ಕಾರದ ಮಾನ್ಯತೆ) ಸಿಕ್ಕು ಎಷ್ಟೋ ವರ್ಷ ಆಗೈತಿ, ಅದರ ಗುರ್ತು ಏನು ಅಂತ ಬರದಿಟ್ಟಿರ್ತಾರ, ಓದಿ ನೋಡಿದ್ರೂ ಸಾಕು.

ಹೊಸದಾಗಿ ಅಕೌಂಟ್ ತೆಗಿಯೋ ನೇಕಾರರ ಮನಿಯವರು ನನ್ನ ಕೇಳಿದ್ರ ತೆಗೀರಿ ಅಂತನ ಹೇಳ್ತೀನಿ, ಆದ್ರ ಮೊದಲನೇ ಸೀರಿ ಕಳಸೋಕಿಂತ ಮೊದಲು ಸ್ಟ್ಯಾಂಡು, ತೂಕದ ಮಷೀನ್, ಟ್ಯಾಗ್ ಮೂರೂ ಮನಿಗೆ ತರ್ರಿ. ನಾವು ತಂದಿದ್ದು ಎಂಟು ತಿಂಗಳ ಮ್ಯಾಲ.

ಆ ಮಿಲ್ಲಿನ ಸೀರಿ ಇನ್ನೂ ಅದ ಡಬ್ಬ್ಯಾಗ ಐತಿ, ಸಾಕ್ಷಿ ಅಂತ ಇಟ್ಟೀವಿ. ಮೂರನೇ ಅಪೀಲ್ ಹಾಕೀವಿ, ಈ ಸಲ ಮಾವಾರು ತಾವೇ ಕ್ಯಾಮೆರಾ ಮುಂದ ಆ ಮಿಲ್ಲಿನ ಸೀರಿ, ನಮ್ಮ ಮಗ್ಗದ ಇನ್ನೊಂದು ಸೀರಿ, ಎರಡೂ ಹಿಡದು ಎಳಿ ತೋರಿಸಿ ಮಾತಾಡ್ಯಾರ, ನಾದಿನಿ ಕೆಳಗ ಇಂಗ್ಲಿಷ್ ಅಕ್ಷರ ಹಾಕ್ಯಾಳ. "ಪರಿಶೀಲನೆಯಲ್ಲಿದೆ" ಅಂತ ತೋರಸಾಕತ್ತೈತಿ. ಉತ್ತರ ಬಂದ ದಿನ ಇದರ ಕೆಳಗ ಬರೀತೀನಿ.